ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ನಮ್ಮ ದುರ್ಗದ ಸೀಮೆ

ಚಿತ್ರದುರ್ಗದ ಸೀಮೆ ಎಂದರೆ ಹೊರಗಿನವರಿಗೆ ನೆನಪಾಗುವುದು ಎರಡೇ. ಒಂದು ಕೋಟೆ, ಇನ್ನೊಂದು ಬಿಸಿಲು. ಬೆಂಗಳೂರಿನಿಂದ ಬರುವ ನಮ್ಮ ನೆಂಟರಿಷ್ಟರು ಕೋಟೆಯ ಬಾಗಿಲಲ್ಲಿ ಕಾರು ನಿಲ್ಲಿಸಿ, ಓಬವ್ವನ ಕಿಂಡಿಯ ಮುಂದೆ ಒಂದು ಫೋಟೋ ತೆಗೆಸಿಕೊಂಡು, ‘ಅಬ್ಬಾ, ಏನು ಸೆಖೆ ಮಾರಾಯ್ತಿ!’ ಎಂದು ಹೊರಟೇಬಿಡುತ್ತಾರೆ. ಸೋದರಿಯರೇ, ನಾನು ಹೇಳಹೊರಟಿರುವುದು ಅಂಥ ಪ್ರವಾಸದ ಮಾತಲ್ಲ. ಒಲೆ ಹಚ್ಚುವ ಮುಂಚೆ ಒಂದು ಗಂಟೆ, ಇಲ್ಲವೆ ಮನೆಯವರಿಗೆಲ್ಲ ಡಬ್ಬಿ ಕಟ್ಟಿಕೊಟ್ಟು ಸಿಕ್ಕಿದ ಅರ್ಧ ದಿನ, ಅಷ್ಟರಲ್ಲೇ ನಡೆದೋ ಸೈಕಲ್ ತುಳಿದೋ ಬಸ್ಸು ಹತ್ತಿಯೋ ನಮ್ಮ ಆಸುಪಾಸನ್ನು ನಾವೇ ನೋಡಿಕೊಂಡು ಬರುವ ಮಾತು.

ನಮ್ಮದು ಹೊಳಲ್ಕೆರೆ. ಮೂರು ವರ್ಷದ ಕೆಳಗೆ ರಕ್ತಪರೀಕ್ಷೆ ಮಾಡಿಸಿದಾಗ ಡಾಕ್ಟರು, ‘ಸಕ್ಕರೆ ಕಾಯಿಲೆ ಹೊಸಿಲ ತನಕ ಬಂದಿದೆಯಮ್ಮಾ, ದಿನಾ ನಡೆಯಿರಿ’ ಎಂದರು. ನಡೆಯಿರಿ ಎನ್ನುವುದು ಸುಲಭ. ಎಲ್ಲಿ ನಡೆಯಬೇಕು? ದೊಡ್ಡ ಊರುಗಳಲ್ಲಾದರೆ ಪಾರ್ಕು ಇರುತ್ತದೆ. ನಮ್ಮಂಥ ಊರಿನಲ್ಲಿ ಇರುವುದು ರಸ್ತೆ. ಆ ರಸ್ತೆಯಲ್ಲಿ ಅದಿರಿನ ಲಾರಿ, ನಾಯಿ, ಮತ್ತೆ ‘ಏನಮ್ಮಾ, ಇಷ್ಟು ಹೊತ್ತಿಗೇ ಎಲ್ಲಿಗೆ ಹೊರಟೆ?’ ಎಂದು ಕೇಳುವ ಬಾಯಿಗಳು. ಹಾಲಿನ ಪಾತ್ರೆ ಹಿಡಿದು ಹೊರಟರೆ ಯಾರೂ ಕೇಳುವುದಿಲ್ಲ. ಕೈಬೀಸಿಕೊಂಡು ಹೊರಟರೆ ಎಲ್ಲರೂ ಕೇಳುತ್ತಾರೆ. ಮೊದಲ ಒಂದು ವಾರ ನಾನು ಖಾಲಿ ಪಾತ್ರೆ ಹಿಡಿದುಕೊಂಡೇ ನಡೆದೆ ಎಂದರೆ ನಗಬೇಡಿ!

ಜೊತೆ ಬೇಕಿತ್ತು. ನಮ್ಮ ಎದುರುಮನೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಯಜಮಾನರು ತೀರಿಕೊಂಡ ಮೇಲೆ ಅವರು ಹೊಸಿಲು ದಾಟಿದ್ದೇ ಕಡಿಮೆ. ಮಕ್ಕಳು ಬೆಂಗಳೂರಿನಲ್ಲಿ. ಬೆಳಿಗ್ಗೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಡುವಾಗ ಎದುರಿಗೆ ಬರಬಾರದು ಅಂತ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದೇನು, ಕಣ್ಣಲ್ಲಿ ತಿಳಿಯುವುದಿಲ್ಲವೆ? ನಾನು ಹೋಗಿ, ‘ಅಕ್ಕಾ, ನಂಗೆ ಒಬ್ಬಳೇ ಹೋಗೋಕೆ ನಾಯಿ ಭಯ, ನೀವು ಬನ್ನಿ’ ಎಂದೆ. ನಾಯಿಯ ಭಯ ನನಗೆ ನಿಜವಾಗಿಯೂ ಇದೆ. ಎರಡು ದಿನ ಒಲ್ಲೆ ಅಂದರು. ಮೂರನೆಯ ದಿನ ಐದು ಗಂಟೆಗೇ ಸೆರಗು ಹೊದ್ದು ಹಿತ್ತಿಲ ಬಾಗಿಲಿಂದ ಬಂದರು. ಮುಂಬಾಗಿಲಿಂದಲ್ಲ.

ಮೊದಲು ನಮ್ಮ ನಡಿಗೆ ಬಯಲು ಗಣಪತಿಯ ತನಕ. ಹೊಳಲ್ಕೆರೆಗೆ ಬಂದವರು ನೋಡದೆ ಹೋಗಬಾರದ ಸ್ವಾಮಿ ಇವನು. ಹೆಸರೇ ಹೇಳುವಂತೆ ದೊಡ್ಡ ವಿಗ್ರಹಕ್ಕೆ ಮೇಲೆ ಸೂರಿಲ್ಲ. ಮಳೆ, ಬಿಸಿಲು, ಬೆಳದಿಂಗಳು ಎಲ್ಲ ನೇರವಾಗಿ ಅವನ ಮೇಲೆಯೇ. ಮೊದಲ ದಿನ ಅಕ್ಕ ದೂರದಲ್ಲೇ ನಿಂತು ಕೈಮುಗಿದರು. ನಾಲ್ಕನೆಯ ದಿನವೋ ಐದನೆಯ ದಿನವೋ ಹತ್ತಿರ ಬಂದರು. ನಾನು ಏನೂ ಅನ್ನಲಿಲ್ಲ. ಕೆಲವು ವಿಷಯಕ್ಕೆ ಬಾಯಿ ಹಾಕದೆ ಇರುವುದೇ ವಾಸಿ.

ನಮ್ಮ ಅತ್ತೆಗೆ ಇದು ಹಿಡಿಸಲಿಲ್ಲ. ‘ಬೆಳಗಾಗೆದ್ದು ಅವಳ ಮುಖ ನೋಡಿಕೊಂಡು ಹೋಗ್ತೀಯಲ್ಲೇ’ ಎಂದು ಒಂದೆರಡು ಸಲ ಅಂದರು. ಆರು ತಿಂಗಳಿಗೆ ಮತ್ತೆ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಇಳಿದಿದ್ದ ಚೀಟಿಯನ್ನು ಅವರ ಮುಂದೆಯೇ ಓದಿದೆ. ‘ಆ ಮುಖ ನೋಡಿಕೊಂಡು ಹೋಗಿದ್ದಕ್ಕೇ ಇದು ಇಳೀತು ಅತ್ತೆ’ ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಆ ಮಾತನ್ನು ಮತ್ತೆ ಆಡಲೂ ಇಲ್ಲ.

ಈಗ ಸೈಕಲ್ಲಿನ ಕಥೆ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ಮರುವರ್ಷ ಗಂಡುಮಕ್ಕಳಿಗೂ ಬಂತು. ನನ್ನ ಮಗಳಿಗೂ ಮುಂದೆ ಒಂದು ಸಿಕ್ಕಿತ್ತು. ಅವಳು ಓದು ಮುಗಿಸಿ ಕೆಲಸಕ್ಕೆ ಹೋದ ಮೇಲೆ ಸೈಕಲ್ ಹಿತ್ತಿಲಲ್ಲಿ ನಿಂತಿತ್ತು, ಅದರ ಹ್ಯಾಂಡಲ್ಲಿಗೆ ಈರುಳ್ಳಿ ಚೀಲ ನೇತುಹಾಕಿದ್ದೆವು. ನನ್ನ ಬಾಲ್ಯದಲ್ಲಿ ಅಣ್ಣಂದಿರು ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತರುತ್ತಿದ್ದರು. ಹಿಂದೆ ಹಿಡಿದು ತಳ್ಳುವ ಕೆಲಸ ಮಾತ್ರ ನನ್ನದು. ಆ ಆಸೆ ಎಲ್ಲಿ ಹೋಗುತ್ತದೆ ಹೇಳಿ? ಒಂದು ದಿನ ತಳ್ಳಿಕೊಂಡು ಹೋಗಿ ಎರಡು ಟಯರು, ಟ್ಯೂಬು, ಬ್ರೇಕು ಹಾಕಿಸಿದೆ. ‘ಯಾರಿಗಮ್ಮಾ?’ ಎಂದ ಅಂಗಡಿಯ ಹುಡುಗ. ‘ನನಗೇ ಕಣಪ್ಪಾ, ಸೀಟು ತಗ್ಗಿಸು’ ಎಂದೆ. ‘ಬಿದ್ದು ಸೊಂಟ ಮುರಿದುಕೊಂಡರೆ ಅಡಿಗೆ ಯಾರು ಮಾಡ್ತಾರೆ?’ ಎಂದರು ನಮ್ಮ ಮನೆಯವರು. ನೋಡಿ, ಸೊಂಟಕ್ಕಿಂತ ಮೊದಲು ಅಡಿಗೆ!

ಕಲಿಯುವವರಿಗೆ ಎರಡು ಮಾತು. ಕೂತರೆ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ತಗ್ಗಿಸಿ. ಮೊದಲು ಪೆಡಲ್ ಮುಟ್ಟದೆ, ಸ್ವಲ್ಪ ಇಳಿಜಾರಿನಲ್ಲಿ ಕಾಲಿಂದ ತಳ್ಳುತ್ತಾ ತೂಕ ಹಿಡಿಯುವುದನ್ನು ಕಲಿಯಿರಿ. ಅದು ಬಂದ ಮೇಲೆ ತುಳಿಯುವುದು ತಾನಾಗಿ ಬರುತ್ತದೆ. ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಚೈನಿಗೆ ಕವರು, ಹಿಂದಿನ ಚಕ್ರಕ್ಕೆ ಜಾಲರಿ ಇಲ್ಲದೆ ಮಾತ್ರ ಸೀರೆಯಲ್ಲಿ ಹತ್ತಬೇಡಿ. ನಾನು ಚೂಡಿದಾರಕ್ಕೆ ಬದಲಾಯಿಸಿಕೊಂಡೆ, ಅದಕ್ಕೂ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ಆಯಿತೆನ್ನಿ. ಹೆದ್ದಾರಿಗೆ ಇಳಿಯಬೇಡಿ. ತೋಟದ ದಾರಿ, ಹಳ್ಳಿಯ ದಾರಿ ಎಷ್ಟು ಬೇಕಾದರೂ ಇವೆ. ನಮ್ಮ ಕಡೆ ಅಡಿಕೆ ತೋಟಗಳ ನಡುವೆ ಬೆಳಗಿನ ಆರು ಗಂಟೆಯಲ್ಲಿ ಸೈಕಲ್ ತುಳಿದರೆ ಇದು ಬರಗಾಲದ ಜಿಲ್ಲೆ ಎಂದು ಯಾರೂ ನಂಬಲಾರರು. ಎಂಟು ಗಂಟೆಗೆ ಬಿಸಿಲು ನಂಬಿಸುತ್ತದೆ.

ಹೀಗೆಯೇ ಒಂದು ದಿನ ಮಲ್ಲಾಡಿಹಳ್ಳಿಗೆ ಹೋಗಿಬಂದೆ. ಅದೂ ನಮ್ಮ ತಾಲ್ಲೂಕೇ. ಅಲ್ಲಿನ ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿ ಯೋಗವನ್ನೂ ಆಯುರ್ವೇದವನ್ನೂ ಹಳ್ಳಿಯವರ ಕೈಗೆ ಎಟುಕುವಂತೆ ಮಾಡಿದವರು, ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು. 1996ರಲ್ಲಿ ತೀರಿಕೊಂಡರು.

ದೂರದ ಊರಿಗೆ ಸೈಕಲ್ ಸಾಲದು, ಬಸ್ಸೇ ಬೇಕು. 2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ, ಅದನ್ನು ಬೈಯುವವರು ಬೈಯಲಿ. ಬಸ್ಸಿಗೆ ದುಡ್ಡು ಕೇಳಬೇಕಾಗಿದ್ದ ಕಾಲದಲ್ಲಿ ‘ಯಾಕೆ, ಎಲ್ಲಿಗೆ’ ಎಂಬ ಲೆಕ್ಕವನ್ನೂ ಕೊಡಬೇಕಾಗಿತ್ತು. ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು. ನಾನೂ ಅಕ್ಕನೂ ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿ ದುರ್ಗದಲ್ಲಿ ಇಳಿದು ಕೋಟೆಯನ್ನು ನಿಧಾನವಾಗಿ ನೋಡಿದ್ದು ಹಾಗೆಯೇ.

ನಿಧಾನವಾಗಿ ಎಂದೆ, ಅದು ಮುಖ್ಯ. ಏಳು ಸುತ್ತಿನ ಕೋಟೆಯನ್ನು ಅವಸರದಲ್ಲಿ ನೋಡಿದರೆ ಕಾಣುವುದು ಬರೀ ಕಲ್ಲು. ಕೂತು ನೋಡಿದರೆ ನೀರು ಕಾಣುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ತನಕ ಇಳಿದುಬರುವಂತೆ ಪಾಳೆಯಗಾರರ ಕಾಲದವರು ಕಟ್ಟಿದ್ದಾರೆ. ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಂತ ನಮಗೆ ಇದರ ಬೆಲೆ ಗೊತ್ತು. ಮದ್ದು ಬೀಸುವ ಕಲ್ಲುಗಳ ಮುಂದೆ ಅಕ್ಕ, ‘ಇದೆಂಥಾ ರಾಗಿಕಲ್ಲೇ, ಎಷ್ಟು ಹೆಂಗಸರು ಬೇಕು ಇದಕ್ಕೆ!’ ಎಂದರು. ಸಂಪಿಗೆ ಸಿದ್ದೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳಲ್ಲಿ ಕುಳಿತು ದಣಿವಾರಿಸಿಕೊಂಡೆವು. 1972ರ ‘ನಾಗರಹಾವು’ ಸಿನಿಮಾದಲ್ಲಿ ನೋಡಿದ ಬಂಡೆ ಯಾವುದು ಎಂದು ಹುಡುಕಿದ್ದೂ ಹುಡುಕಿದ್ದೇ.

ಓಬವ್ವನ ಕಿಂಡಿಯ ಹತ್ತಿರ ಮಾತ್ರ ನಾವಿಬ್ಬರೂ ತುಂಬ ಹೊತ್ತು ಕೂತೆವು. ಕಥೆ ನಿಮಗೆಲ್ಲ ಗೊತ್ತು. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಅವಳು ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡು ಒನಕೆ ಹಿಡಿದಳು. ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ಕೈಸೇರಿತು, ಅದು ಬೇರೆ ಮಾತು. 2021ರಿಂದ ಪ್ರತಿ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ‘ಅವತ್ತು ಗಂಡ ಊಟ ಮುಗಿಸಿ ಬಂದು ನೋಡಿದನಲ್ಲ, ಆಮೇಲೆ ಅವಳು ಊಟ ಮಾಡಿದಳೋ ಇಲ್ಲವೋ ಯಾರೂ ಹೇಳೋದಿಲ್ಲ ನೋಡು’ ಎಂದರು ಅಕ್ಕ. ಇಷ್ಟು ವರ್ಷ ಆ ಕಥೆ ಕೇಳಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ನಾವು ಊಟಕ್ಕೆ ಕಟ್ಟಿಕೊಂಡು ಹೋಗುವುದು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಚಟ್ನಿಪುಡಿಗೆ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆ, ಜೀರಿಗೆ, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿಲಿಗೆ ಕೆಡುವ ಭಯವಿಲ್ಲ.

ಕೋಟೆಯ ಹಿಂದೆ ಊರಿಗೆ ಹತ್ತಿರವೇ ಚಂದ್ರವಳ್ಳಿ. ಕೆರೆ, ಬಂಡೆ, ಗುಹೆಯೊಳಗಿನ ಅಂಕಲಿ ಮಠ, ಕದಂಬರ ಮಯೂರಶರ್ಮನ ಶಾಸನ ಎಲ್ಲ ಅಲ್ಲಿವೆ. ಗುಹೆಯೊಳಗೆ ಕತ್ತಲೆ, ಬ್ಯಾಟರಿ ಇಟ್ಟುಕೊಂಡು ಹೋಗಿ. ಜೋಗಿಮಟ್ಟಿಗೆ ಮಳೆಗಾಲ ಮುಗಿದ ಮೇಲೆ ಹೋಗಬೇಕು. ಗಾಳಿ ಸೆರಗನ್ನು ನಿಲ್ಲಗೊಡುವುದಿಲ್ಲ. ಸುತ್ತಲ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದರೆ ಗೊತ್ತಾಗುತ್ತದಲ್ಲ!

ಹಿರಿಯೂರಿನ ಕಡೆ ವಾಣಿವಿಲಾಸ ಸಾಗರ. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿಯಿತು. ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಬಿಟ್ಟು! 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. 2022ರಲ್ಲಿ ನಾನು ಹೋಗಿದ್ದಾಗ ಜಾತ್ರೆಯಂತೆ ಜನ. ಮುದುಕಿಯೊಬ್ಬರು ನೀರಿಗೆ ಕೈಮುಗಿದು, ‘ನಮ್ಮವ್ವ ಕಂಡಿದ್ದಳು, ಈಗ ನಾ ಕಂಡೆ’ ಎನ್ನುತ್ತಾ ಅಳುತ್ತಿದ್ದರು. ನಾನೂ ಅತ್ತೆ, ಯಾಕೆಂದು ಕೇಳಬೇಡಿ. ಅಕ್ಕ ಆಗಿನ್ನೂ ಬಾಗಿಲು ಹಾಕಿಕೊಂಡಿದ್ದ ಕಾಲ. ಆಮೇಲೆ ಅವರನ್ನೂ ಕರೆದುಕೊಂಡು ಹೋದೆ. ಅಣೆಕಟ್ಟೆಯ ಬಳಿ ಕಣಿವೆ ಮಾರಮ್ಮನ ಗುಡಿಗೆ ನನಗಿಂತ ಮುಂದೆ ಅವರೇ ಹೋದರು.

ಹೊಸದುರ್ಗದ ಕಡೆ ಹಾಲುರಾಮೇಶ್ವರ ಇದೆ. ಅಲ್ಲಿನ ಕೊಳದ ಮುಂದೆ ಹರಕೆ ಹೇಳಿ ಗಂಗೆಯ ಪ್ರಸಾದಕ್ಕೆ ಕಾದು ಕೂರುವವರು ಬಹಳ. ನನಗೆ ಅದಕ್ಕಿಂತ ಮನಸ್ಸು ಎಳೆದದ್ದು ಅದೇ ತಾಲ್ಲೂಕಿನ ಸಾಣೇಹಳ್ಳಿ. ಸಣ್ಣ ಹಳ್ಳಿ, ಆದರೆ ಅಲ್ಲಿ ದೊಡ್ಡ ಬಯಲು ರಂಗಮಂದಿರ. ಮಠದ ಪಂಡಿತಾರಾಧ್ಯ ಸ್ವಾಮೀಜಿಯವರು 1997ರಲ್ಲಿ ಕಟ್ಟಿದ ‘ಶಿವಸಂಚಾರ’ ತಂಡ ನಾಡಿನ ಊರೂರಿಗೆ ನಾಟಕ ಒಯ್ಯುತ್ತದೆ. ನವೆಂಬರಿನಲ್ಲಿ ನಾಟಕೋತ್ಸವ. ಬಯಲಲ್ಲಿ ಮೆಟ್ಟಿಲ ಮೇಲೆ ಕೂತು ನೋಡುವುದು. ರಾತ್ರಿ ಚಳಿ ಬೀಳುತ್ತದೆ, ಶಾಲು ಮರೆಯಬೇಡಿ.

ಅಲ್ಲಿಗೆ ಹೋದರೆ ರಾತ್ರಿ ಉಳಿಯಬೇಕಾಗುತ್ತದೆ. ಅದಕ್ಕೆ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ಮಾತುಕತೆ ನಡೆದಿದೆ. ಅತ್ತೆ ಮೊನ್ನೆ, ‘ಅವಳೂ ಬರ್ತಾಳೇನು?’ ಎಂದು ಕೇಳಿದರು. ಹೂಂ ಎಂದೆ. ‘ಹಾಗಾದ್ರೆ ಹೋಗು, ಜೊತೆ ಆಯ್ತಲ್ಲ’ ಎಂದರು. ಇನ್ನು ನಮ್ಮ ಮನೆಯವರೊಬ್ಬರು ಒಪ್ಪಬೇಕು. ಅಕ್ಕ ಆಗಲೇ ಶಾಲು ಒಗೆದು ಮುಂಬಾಗಿಲ ಜಗಲಿಯ ಮೇಲೆ ಒಣಗಿಹಾಕಿದ್ದಾರೆ.