ಸೋತಾಗೂ ‘ನಮ್ದೆ’

ಭಾಗ 1

ಆರ್‌ಸಿಬಿ ಫ್ಯಾನ್ ಅಂತ ಹೇಳಿದ ಕೂಡಲೇ ಕ್ಲಾಸಿನಾಗ ಯಾರಾದರೂ ಒಬ್ಬರು ನಗ್ತಿದ್ರು, ನೆನಪೈತಿ ಹೌದಿಲ್ಲೋ? 2025ರ ಜೂನ್ 3ರ ತನಕ ನಮ್ಮ ಹಣೆಬರಹ ಅದೇ ಇತ್ತು. 2009ರ ಫೈನಲ್ 6 ರನ್ನಿಗೆ ಹೋಯ್ತು. 2011ರದ್ದು 58 ರನ್ನಿಗೆ. 2016ರದ್ದು ನಮ್ಮದೇ ಚಿನ್ನಸ್ವಾಮಿಯೊಳಗ, 8 ರನ್ನಿಗೆ. ನಡುವೆ 2017ರಾಗ ಕೋಲ್ಕತ್ತಾ ಎದುರು 49ಕ್ಕೆ ಆಲೌಟ್. ಆ ನಂಬರ್ ಹೇಳಿ ಕಾಡಿಸದ ಒಬ್ಬ ದೋಸ್ತನಾದರೂ ನಿಮಗಿದ್ದಾನೇನು?

ಗೆದ್ದ ಖುಷಿ ಬೇಕು ಅಂತ ಫ್ಯಾನ್ ಆಗ್ತಾರ ಅಂದ್ರ, 17 ಸೀಸನ್ ಕಪ್ ಬರದ ಟೀಮಿನ ಹಿಂದ ಇಷ್ಟು ಜನ ಯಾಕ ಉಳಿದ್ರು? ಇವರಿಗೆ ಸಿಗ್ತಿದ್ದಾದರೂ ಏನು?

ನನಗೆ ಅದರ ಉತ್ತರ ಸಿಕ್ಕಿದ್ದು ಟೀಮು ಅತಿ ಕೆಟ್ಟದಾಗಿ ಸೋಲ್ತಿದ್ದ ತಿಂಗಳಲ್ಲಿ. ಉದ್ದ ಐತಿ, ಚಹಾ ಹಿಡ್ಕೊಂಡು ಕುಂತು ಓದ್ರಿ.

ಭಾಗ 2

ನಮ್ಮ ಮನಿ ದುರ್ಗದಬೈಲಿನ ಹಿಂದಿನ ಗಲ್ಲಿಯೊಳಗ ಐತಿ. ಬೈಲಿಗೆ ಬಂದವರಿಗೆ ಗೊತ್ತು: ಹಗಲು ಸೀರೆ, ಪಾತ್ರೆ, ಬಳೆ ಅಂತ ಗದ್ದಲ, ಸಂಜಿ ಆತಂದ್ರ ಗಾಡಿಗಳು ಸಾಲಾಗಿ ನಿಂತು ಗಿರ್ಮಿಟ್, ಮಿರ್ಚಿ, ಪಾವ್‌ಭಾಜಿ ವಾಸನಿ. ಜವಳಿ ಸಾಲಿನಾಗ ಬಟ್ಟೆ ತಗೊಂಡವರಲ್ಲಿ ಒಂದಿಷ್ಟು ಜನ ಹೊಲಿಸಾಕ ನಮ್ಮಪ್ಪನ ಅಂಗಡಿಗೆ ಬರ್ತಾರ. ಅಪ್ಪ ಮೂವತ್ತು ವರ್ಷದಿಂದ ಟೇಲರ್. ಗಲ್ಲಿ ಪೂರಾ ಅವರನ್ನ ‘ಮಾಸ್ತರ’ ಅಂತ ಕರೀತದ.

2024ರ ಮಾರ್ಚ್ 17ಕ್ಕೆ ಸ್ಮೃತಿ ಮಂಧಾನಾ ಟೀಮು ದಿಲ್ಲಿಯೊಳಗ ಡಬ್ಲ್ಯೂಪಿಎಲ್ ಕಪ್ ಎತ್ತಿತ್ತು. ಶ್ರೇಯಾಂಕಾ ಪಾಟೀಲ 12 ರನ್ ಕೊಟ್ಟು 4 ವಿಕೆಟ್ ತೆಗೆದಿದ್ದಳು. ಮರುದಿನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಪೇಡಾ ಹಂಚಿದ್ರು. “ಹುಡುಗ್ಯಾರು ದಾರಿ ತೋರಿಸ್ಯಾರ, ಇನ್ನ ಹುಡುಗ್ರು ಬರಲಿ” ಅಂದಿದ್ರು.

ಅದಾಗಿ ಹತ್ತು ದಿನಕ್ಕೆ ಅವರಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು, ಜೊತೆಗೆ ಮಾತು. ಟೇಲರ್‌ಗೆ ಬಲಗೈ ಅಂದ್ರ ಏನು ಅಂತ ನಾ ಬಿಡಿಸಿ ಹೇಳಬೇಕಿಲ್ಲ.

ಆಸ್ಪತ್ರೆಯಿಂದ ಮನಿಗೆ ಕರ್ಕೊಂಡು ಬಂದ ಮ್ಯಾಲ ನೋಡಾಕ ಬರೋ ಮಂದಿ ಸುರು ಆದ್ರು. ಎಲ್ಲರೂ ಒಳ್ಳೆಯವರೇ. ಎಲ್ಲರದೂ ಒಂದೇ ಪ್ರಶ್ನೆ: “ಈಗ ಹ್ಯಾಂಗದಾರ?” ಅವರು ಅಲ್ಲೇ ಕುಂತಿರ್ತಿದ್ರು, ಉತ್ತರ ಅವ್ವ ಕೊಡಬೇಕು. ದಿನಕ್ಕೆ ಹತ್ತು ಸಲ ಅದೇ ಮಾತು. ಅದನ್ನು ಕೇಳಿ ಕೇಳಿ ಅಪ್ಪ ಗ್ವಾಡಿ ಕಡೆ ಮುಖ ಮಾಡಿ ಮಲಗೋದು ಸುರು ಮಾಡಿದ್ರು. ಅಂಗಡಿ ಮುಚ್ಚಿತ್ತು. ಮನಿಯೊಳಗ ನಾವು ಮೂವರೂ ಮಾತು ಕಡಿಮಿ ಮಾಡಿದ್ವಿ, ಯಾಕಂದ್ರ ಯಾವ ಮಾತು ತಗದ್ರೂ ಅದು ದುಡ್ಡಿಗೆ ಇಲ್ಲಾ ಕೈಗೆ ಬಂದು ನಿಲ್ತಿತ್ತು.

ಭಾಗ 3

ಒಬ್ಬ ಮನುಷ್ಯ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಅಪ್ಪನ ಅಂಗಡಿ ಪಕ್ಕದ ಗುಂಡಿ-ದಾರದ ಅಂಗಡಿ ಕಾಕಾ. ವಯಸ್ಸು 69. ಏಪ್ರಿಲ್ ಮೊದಲ ವಾರ ಒಂದು ಸಂಜಿ ಅಂಗಡಿ ಹಾಕಿ, ಪೇಪರಿನಾಗ ಗಿರ್ಮಿಟ್ ಕಟ್ಟಿಸಿಕೊಂಡು ಮೆಟ್ಟಲ ಹತ್ತಿ ಬಂದ್ರು. ಚಪ್ಪಲಿ ಬಿಡೋದರೊಳಗೇ ಕೇಳಿದ್ರು: “ಯವ್ವಾ, ಟಾಸ್ ಯಾರದು?”

ಆಮ್ಯಾಲ ಆರ್‌ಸಿಬಿ ಮ್ಯಾಚ್ ಇದ್ದ ದಿನ ಅವರು ತಪ್ಪದೇ ಬರ್ತಿದ್ರು. ಟೀಮು ಸೋಲ್ತಾನೇ ಇತ್ತು. ಏಪ್ರಿಲ್ 2ಕ್ಕೆ ಲಖನೌ ಎದುರು ಸೋಲು, 6ಕ್ಕೆ ರಾಜಸ್ಥಾನ, 11ಕ್ಕೆ ಮುಂಬೈ. ಕಾಕಾ ಬೈತಿದ್ರು, ಅಪ್ಪ ತಲಿ ಆಡಿಸ್ತಿದ್ರು. ಇಬ್ಬರಿಗೂ ಬೈಯ್ಯಾಕ ಒಂದು ವಿಷಯ ಇತ್ತು, ಅದು ಅಪ್ಪನ ಕೈ ಆಗಿರಲಿಲ್ಲ. ಅಷ್ಟು ಸಾಕಿತ್ತು.

ಫಿಜಿಯೋಥೆರಪಿ ಹೇಳಿಕೊಡೋರು ದಿನಾ ದೊಡ್ಡ ಅಕ್ಷರದಾಗ ಅಂಕಿ ಬರೀಬೇಕು ಅಂದಿದ್ರು. ಅಪ್ಪ ಒಪ್ಪಲಿಲ್ಲ. ಮೂವತ್ತು ವರ್ಷ ಮಂದಿಯ ಎದಿ, ಸೊಂಟ, ತೋಳಿನ ಅಳತಿ ಬರ್ಕೊಂಡ ಮನುಷ್ಯ ಸಣ್ಣ ಹುಡುಗರ ಕಾಪಿಯಾಗ ಒಂದು-ಎರಡು ಬರೀಬೇಕು ಅಂದ್ರ ಹ್ಯಾಂಗ ಒಪ್ತಾರ? ಏಪ್ರಿಲ್ 15, ಹೈದರಾಬಾದ್ ಮ್ಯಾಚ್. ಕಾಕಾ ಅಂಗಡಿಯಿಂದ ಅಪ್ಪನ ಅಳತಿ ಬುಕ್ಕೇ ತಂದು ಮುಂದ ಇಟ್ಟರು. “ಮಾಸ್ತರ, ನಾ ಕನ್ನಡಕ ಮರತ ಬಂದೀನಿ. ಸ್ಕೋರ್ ನೀವ ಬರದಿಡ್ರಿ.” ಕನ್ನಡಕ ಅವರ ಕಿಸೆದಾಗೇ ಇತ್ತು. ನನಗೆ ಕಾಣ್ತಿತ್ತು, ಅಪ್ಪಗೂ ಕಂಡಿರಬೇಕು.

ಅವತ್ತು ಹೈದರಾಬಾದ್ ಹೊಡೆದದ್ದು 287. ನಾವು 262. ಅಪ್ಪ ಬರೆದ ಎಂಟರ ಹೊಟ್ಟಿ ಕೂಡಿರಲಿಲ್ಲ, ಏಳು ಅಡ್ಡ ಬಿದ್ದಿತ್ತು. ಆದರೂ ಅದು ಅಳತಿ ಬುಕ್ಕಿನಾಗಿತ್ತು, ಕಾಪಿಯಾಗಲ್ಲ.

ಏಪ್ರಿಲ್ 21ಕ್ಕೆ ಕೋಲ್ಕತ್ತಾ 222, ನಾವು 221. ಕೊನೆಯ ಓವರಿಗೆ 21 ಬೇಕಿತ್ತು, ಕರ್ಣ್ ಶರ್ಮಾ ಮಿಚೆಲ್ ಸ್ಟಾರ್ಕ್‌ಗೆ ಮೂರು ಸಿಕ್ಸ್ ಎತ್ತಿದ. ಕೊನೆಯ ಬಾಲಿಗೆ ಎರಡನೇ ರನ್ ಓಡಾಕ ಹೋಗಿ ಲಾಕಿ ಫರ್ಗ್ಯುಸನ್ ರನ್‌ಔಟ್. ಅಪ್ಪನ ಬಾಯಿಂದ “ಥೂ ಇವ್ನ!” ಅಂತ ಬಂತು. ಲಕ್ವಾ ಹೊಡೆದ ಮ್ಯಾಲ ಅದೇ ಅವರ ಮೊದಲ ಸ್ಪಷ್ಟ ಮಾತು. ಅವ್ವ ನಕ್ಕಳು. ಆಮ್ಯಾಲ ಅಡಿಗಿಮನಿಗೆ ಹೋಗಿ ಅತ್ತಳು.

ಭಾಗ 4

ಇದು ನಮ್ಮ ಮನಿಯದಷ್ಟೇ ಕಥಿ ಅಲ್ಲ. ಅಮೆರಿಕದಲ್ಲಿ ಇದರ ಬಗ್ಗೆ ಭಾಳ ವರ್ಷದಿಂದ ಅಧ್ಯಯನ ನಡೆದಿದೆ.

1976ರಲ್ಲಿ ರಾಬರ್ಟ್ ಚಾಲ್ಡಿನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಅಲ್ಲಿನ ಯೂನಿವರ್ಸಿಟಿಗಳಲ್ಲಿ ವಾರಾಂತ್ಯಕ್ಕೆ ಫುಟ್‌ಬಾಲ್ ಮ್ಯಾಚ್ ಇರ್ತದ. ಕಾಲೇಜು ಟೀಮು ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರೋ ಬಟ್ಟೆ ಹಾಕಿಕೊಂಡು ಬರೋರು ಹೆಚ್ಚು. ಫೋನ್ ಮಾಡಿ ಮ್ಯಾಚಿನ ಬಗ್ಗೆ ಕೇಳಿದಾಗಲೂ ಗೆಲುವಿನ ಮಾತು ಬಂದರೆ “ನಾವು” ಅನ್ನೋದು ಹೆಚ್ಚು, ಸೋಲಿನ ಮಾತು ಬಂದರೆ ಆ “ನಾವು” ಕಡಿಮೆ. ಗೆದ್ದರೆ ನಾವು, ಸೋತರೆ ಅವರು. ಮನುಷ್ಯರ ಬುದ್ಧಿನೇ ಅಷ್ಟು.

ಈಗ ನಮ್ಮ ಕಡೆ ನೋಡ್ರಿ. ‘ಈ ಸಲ ಕಪ್ ನಮ್ದೆ.’ ವರ್ಷಾ ವರ್ಷಾ ಸೋತ ಮಂದಿ ಬಾಯಿಂದ “ನಮ್ದೆ” ಹೋಗಲಿಲ್ಲ. ಉಳಿದವರು ಅದನ್ನೇ ಹಿಡಿದು ಮೀಮ್ ಮಾಡಿದ್ರು, ನಾವೂ ಮಾಡಿದ್ವಿ. ನಗುವುದಕ್ಕೂ ಜೊತೆ ಬೇಕಲ್ಲ.

ಮರ್ರೆ ಸ್ಟೇಟ್ ಯೂನಿವರ್ಸಿಟಿಯ ಡೇನಿಯಲ್ ವಾನ್ ಎಂಬ ಪ್ರೊಫೆಸರ್ ಫ್ಯಾನ್‌ಗಳ ಮನಸ್ಸನ್ನೇ ದಶಕಗಳ ಕಾಲ ಓದಿದವರು. ತಮ್ಮ ಊರಿನ ಕಡೆಯ ಟೀಮಿಗೆ ಗಟ್ಟಿಯಾಗಿ ಅಂಟಿಕೊಂಡವರಲ್ಲಿ ಒಂಟಿತನ ಕಡಿಮೆ ಕಾಣುತ್ತದೆ ಅಂತ ಅವರ ಅಧ್ಯಯನಗಳು ಹೇಳ್ತಾವ. ಅವರ ಮಾತಿನ ತಿರುಳು ಇಷ್ಟು: ಲಾಭ ಬರೋದು ಗೆಲುವಿನಿಂದಲ್ಲ, ಆ ಟೀಮಿನ ನೆಪದಲ್ಲಿ ಸಿಗೋ ಮನುಷ್ಯರಿಂದ. ಇದು ಔಷಧಿ ಅಂತ ಅವರೇನೂ ಹೇಳಿಲ್ಲ. ಆದ್ರ ಕಾಕಾ ನಮ್ಮ ಮೆಟ್ಟಲ ಹತ್ತಿ ಬಂದದ್ದು ಯಾಕ ಕೆಲಸ ಮಾಡ್ತು ಅಂತ ನನಗೆ ಇದರಿಂದ ತಿಳೀತು.

ಭಾಗ 5

“ಇಷ್ಟ ಸೋತ್ರೂ ಹ್ಯಾಂಗ ತಡ್ಕೋತೀರಿ ಕಾಕಾ?” ಅಂತ ಒಂದಿನ ಕೇಳಿದೆ. ಅವರು ನಕ್ಕು, “ನೀವ್ ಹದಿನೇಳ ವರ್ಷಕ್ಕ ಸುಸ್ತಾದ್ರಿ. ರಣಜಿ ಕಪ್ಪಿಗೆ ಎಷ್ಟ ವರ್ಷ ಆತು ಗೊತ್ತೇನ ನಿನಗ?” ಅಂದ್ರು.

ಆಮ್ಯಾಲ ನಾನೇ ಹುಡುಕಿ ಓದಿದೆ. ರಣಜಿ ಟ್ರೋಫಿ ಸುರು ಆಗಿದ್ದು 1934ರಲ್ಲಿ. ಅದರ ಮೊಟ್ಟಮೊದಲ ಮ್ಯಾಚಿನಲ್ಲೇ ಮೈಸೂರು ಟೀಮು ಮದ್ರಾಸ್ ಎದುರು ಒಂದೇ ದಿನದಾಗ ಸೋತಿತ್ತು. 1941-42ರಲ್ಲಿ ಫೈನಲ್‌ಗೆ ಹೋಗಿ ಬಾಂಬೆಗೆ ಸೋಲು. 1959-60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ. ಆ ಬಾಂಬೆ 1958-59ರಿಂದ ಸತತ 15 ಸಲ ಕಪ್ ಗೆದ್ದ ಟೀಮು. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯ್ತು. ಅದೇ ಸೀಸನ್, 1974ರಲ್ಲಿ, ಪ್ರಸನ್ನ ಅವರ ಟೀಮು ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ತಡೀತು, ಆಮೇಲೆ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಕಪ್ ತಂತು. 40 ವರ್ಷ!

ಕಾಕಾಗ ಆಗ 19. ಅಂಗಡಿ ಮುಂದ ಒಂದೇ ರೇಡಿಯೋ, ಸುತ್ತ ಮಂದಿ. ಸ್ಕೋರ್ ಅವರಿಗೆ ಈಗ ಪೂರಾ ನೆನಪಿಲ್ಲ. ಪಕ್ಕದಾಗ ಯಾರು ಯಾರು ನಿಂತಿದ್ರು ಅಂತ ಒಬ್ಬೊಬ್ಬರ ಹೆಸರು ಹೇಳ್ತಾರ.

ಭಾಗ 6

2024ಕ್ಕೆ ವಾಪಸ್ ಬರ್ರಿ. ಮೊದಲ 8 ಮ್ಯಾಚಿನಾಗ 7 ಸೋತ ಟೀಮು ಏಪ್ರಿಲ್ 25ರಿಂದ ಗೆಲ್ಲಾಕ ಹತ್ತಿತು. ಹೈದರಾಬಾದ್, ಗುಜರಾತ್ ಎರಡು ಸಲ, ಪಂಜಾಬ್, ದಿಲ್ಲಿ. ಮೇ 18ಕ್ಕೆ ಚೆನ್ನೈ ಎದುರು ಬರೀ ಗೆದ್ದರೆ ಸಾಲದು, 18 ರನ್ನಿಂದ ಗೆಲ್ಲಬೇಕಿತ್ತು. 27 ರನ್ನಿಂದ ಗೆದ್ವಿ. ಸತತ ಆರನೇ ಗೆಲುವು. ಅವತ್ತು ಗಲ್ಲಿಯಾಗ ಪಟಾಕ್ಷಿ ಹಾರಿದ್ವು. ಅಪ್ಪ ಬರೆದ 218 ಮತ್ತು 191 ಯಾರು ಬೇಕಾದರೂ ಓದುವಂಗ ಇತ್ತು.

ಇಲ್ಲಿಗೆ ಕಥಿ ಮುಗಿಸಿದ್ರ ಸಿನಿಮಾ ಆಗ್ತಿತ್ತು. ನಾಲ್ಕು ದಿನಕ್ಕೆ, ಮೇ 22ರ ಎಲಿಮಿನೇಟರ್‌ನಲ್ಲಿ ರಾಜಸ್ಥಾನ ನಮ್ಮನ್ನ ಮನಿಗೆ ಕಳಿಸ್ತು. ಮರುದಿನ ಬೆಳಿಗ್ಗೆ ಎಂದಿನಂಗ ಫಿಜಿಯೋಥೆರಪಿ ಇತ್ತು, ಸಾಲದ ಕಂತೂ ಇತ್ತು. ಕ್ರಿಕೆಟ್ ನಮ್ಮ ಒಂದು ರೂಪಾಯಿ ಸಾಲ ತೀರಿಸಲಿಲ್ಲ. ಅಪ್ಪನ ಕೈ ಇವತ್ತಿಗೂ ಮೊದಲಿನಂಗ ಆಗಿಲ್ಲ. ಈಗ ಅಂಗಡಿಯಾಗ ಅಳತಿ ತಗೊಳ್ಳೋದು, ಬರ್ಕೊಳ್ಳೋದು ಅವರು. ಮಷೀನ್ ಮ್ಯಾಲ ಒಬ್ಬ ಹುಡುಗನ್ನ ಕೂಡಿಸ್ಯಾರ.

ಆದ್ರ ಎರಡು ತಿಂಗಳು ನಮ್ಮ ಮನಿಗೆ ‘ಮುಂದಿನ ಮ್ಯಾಚ್ ಯಾವಾಗ’ ಅನ್ನೋ ಒಂದು ನಾಳೆ ಇತ್ತು. ಕಷ್ಟ ಬಂದಾಗ ಕ್ಯಾಲೆಂಡರಿನಾಗ ಬರೀ ಆಸ್ಪತ್ರಿ ತಾರೀಖು ಉಳೀತಾವ. ನಡುವೆ ಇನ್ನೊಂದು ತಾರೀಖು ಇರೋದು ಎಷ್ಟು ದೊಡ್ಡದು ಅಂತ, ಅನುಭವಿಸಿದವರಿಗೆ ಗೊತ್ತು.

ಭಾಗ 7

ಇನ್ನೊಂದು ಮಾತು. ಇದನ್ನ ಹೇಳದೇ ಇದ್ರ ಸುಳ್ಳು ಹೇಳಿದಂಗ ಆಗ್ತದ.

ಬೆಟ್ಟಿಂಗ್ ಹಚ್ಚಿದವನಿಗೆ ಮ್ಯಾಚ್ ಜೊತೆ ಕೊಡೋದಿಲ್ಲ. ಸೋತ ರಾತ್ರಿ ಅವನು ಫೋನ್ ಆಫ್ ಮಾಡಿ ಒಬ್ಬನೇ ಕೂಡ್ತಾನ, ಮನಿಯವರಿಗೂ ಹೇಳಾಕ ಆಗೂದಿಲ್ಲ. ಕ್ಯಾಚ್ ಬಿಟ್ಟ ಆಟಗಾರನ ಹೆಂಡತಿ, ಮಕ್ಕಳಿಗೆ ಇನ್‌ಸ್ಟಾದಾಗ ಕೆಟ್ಟ ಮಾತು ಬರೆಯೋನಿಗೂ ಇದು ಸಿಗೂದಿಲ್ಲ.

ಮತ್ತ 2025ರ ಜೂನ್ 4. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ನಮ್ಮ 190, ಪಂಜಾಬಿನ 184. 18ನೇ ಸೀಸನ್‌ಗೆ ಕಪ್ ಬಂದಿತ್ತು. ಮರುದಿನ ಚಿನ್ನಸ್ವಾಮಿ ಹೊರಗ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಕಪ್ ನೋಡಾಕ ಬಂದಿದ್ದ ಮಂದಿ, ಹೆಚ್ಚಿನವರು ನಮ್ಮಂಥ ಸಣ್ಣ ವಯಸ್ಸಿನವರು. ಟಿವಿ ಮುಂದ ಕಾಕಾ, ಅಪ್ಪ ಇಬ್ಬರೂ ಮಾತಾಡಲಿಲ್ಲ. ಅವತ್ತು ನನಗೆ ಅನಿಸಿದ್ದು: ಗದ್ದಲ ಅಂದ್ರ ಜೊತೆ ಅಲ್ಲ. ಜೊತೆ ಅಂದ್ರ ನೀವು ಬಿದ್ದದ್ದು ಪಕ್ಕದವರಿಗೆ ಕಾಣುವಷ್ಟು ಹತ್ತಿರ, ಕೈ ಹಿಡಿದು ಎಬ್ಬಿಸುವಷ್ಟು ಜಾಗ. ಅಷ್ಟು ಮಂದಿಯನ್ನ ಕರೆಯೋರು ಆ ಜಾಗ ಇಟ್ಟು ಕರೀಬೇಕು. ಆ 11 ಮನಿಗಳಿಗೆ ಕಪ್ ಅಂದ್ರ ಇನ್ನ ಯಾವತ್ತೂ ನಮಗೆ ಅನಿಸಿದ್ದು ಅನಿಸೂದಿಲ್ಲ. ಸ್ಟೋರಿ ಹಾಕೋವಾಗ ಇದು ನೆನಪಿರಲಿ.

ಭಾಗ 8

ಹಂಗಾರ ನಿಮಗೆ ನಾ ಹೇಳೋದು ಇಷ್ಟು.

ನಿಮ್ಮ ಕ್ಲಾಸಿನಾಗ ಯಾರದೋ ಮನಿಯೊಳಗ ಈಗ ಏನೋ ನಡೆದಿರ್ತದ. ಅಪ್ಪನ ಕೆಲಸ ಹೋಗಿರ್ತದ, ಅವ್ವಗ ಆರಾಮಿರೂದಿಲ್ಲ, ಬ್ಯಾಕ್‌ಲಾಗ್ ಉಳಿದಿರ್ತಾವ. ಅವರು ಗ್ರೂಪಿನಾಗ ಮೆಸೇಜ್ ಹಾಕೋದು ಬಿಟ್ಟಿರ್ತಾರ. “ಏನಾತು, ಯಾಕ ಹಿಂಗದಿ?” ಅಂತ ಎಲ್ಲರೂ ಕೇಳಿರ್ತಾರ, ಉತ್ತರ ಕೊಟ್ಟು ಅವರಿಗೂ ಸಾಕಾಗಿರ್ತದ. ನೀವು ಹೋಗಿ ಟಾಸ್ ಯಾರದು ಅಂತ ಕೇಳ್ರಿ. ಕ್ರಿಕೆಟ್ ಬ್ಯಾಡ ಅಂದ್ರ ಕಬಡ್ಡಿ, ಫುಟ್‌ಬಾಲ್, ನಮ್ಮ ಊರಿನ ಕುಸ್ತಿ, ಯಾವುದಾದರೂ ಆದೀತು. ಗಿರ್ಮಿಟ್ ತಗೊಂಡು ಹೋಗ್ರಿ. ಅವರು ಮಾತಾಡಲಿಲ್ಲ ಅಂದ್ರ ನೀವೂ ಸುಮ್ಮನೆ ಮ್ಯಾಚ್ ನೋಡ್ರಿ. ಮುಂದಿನ ಮ್ಯಾಚಿಗೂ ಹೋಗ್ರಿ. ಒಂದೇ ಸಲ ಹೋಗಿ ಬಂದ್ರ ಅದು ಬರೀ ಭೇಟಿ.

ನೀವೇ ಆ ಕಷ್ಟದಾಗ ಇದ್ರ, ಬಾಗಿಲು ಬಡಿದ ಕಾಕಾಗೆ ಬಾಗಿಲು ತೆಗೀರಿ. ದುಃಖದ ಬಗ್ಗೆ ಮಾತಾಡೂ ತಾಕತ್ತು ಇಲ್ಲ ಅಂದ್ರ ನಡೀತದ, ಮಿಡಲ್ ಆರ್ಡರ್ ಬಗ್ಗೆ ಮಾತಾಡ್ರಿ. ರಾತ್ರಿ ನಿದ್ದಿನೇ ಬರವಲ್ದು, ಬದುಕೇ ಬ್ಯಾಡ ಅನಸಾಕ ಹತ್ತೇತಿ ಅಂದ್ರ ಮ್ಯಾಚ್ ಸಾಲೂದಿಲ್ಲ. ಅವತ್ತೇ ಡಾಕ್ಟರ್ ಹತ್ರ ಹೋಗ್ರಿ, ಇಲ್ಲಾ ಟೆಲಿ-ಮಾನಸ್ 14416ಕ್ಕೆ ಫೋನ್ ಹಚ್ರಿ, ದುಡ್ಡು ಬೀಳೂದಿಲ್ಲ.

ನಿಮ್ಮ ಪಕ್ಕದಾಗ ಕುಂತು ಸೋತ ಮ್ಯಾಚ್ ನೋಡಿದವರು ಯಾರು? ಅವರನ್ನ ಕೆಳಗ ಟ್ಯಾಗ್ ಮಾಡ್ರಿ. ಇನ್‌ಸ್ಟಾದಾಗ ಇಲ್ಲದವರಾದ್ರ, ನಮ್ಮ ಕಾಕಾನಂಗ, ಇವತ್ತ ಸಂಜಿ ಒಂದು ಸಲ ಅವರ ಅಂಗಡಿ ಕಡೆ ಹೋಗಿ ಬರ್ರಿ.