ಗಾಳಿಗುಡ್ಡದಲ್ಲಿ ಮೈಕು

ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿ ಜೀಪು ತಿರುವುಗಳನ್ನು ಏರತೊಡಗಿದರೆ, ದುರ್ಗದ ಬಂಡೆಬಿಸಿಲು ಕೆಳಗೇ ಉಳಿದುಬಿಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಿಗೆ ಹಬ್ಬಿದ ಜೋಗಿಮಟ್ಟಿ ಕಾಡಿನಲ್ಲಿ ಕರಡಿ, ಚಿರತೆ, ಕೊಂಡುಕುರಿಗಳಿವೆ. ನಾವು ಅವನ್ನು ನೋಡಲು ಹೊರಟವರಲ್ಲ, ಕಾಡಿನ ಸದ್ದು ಹಿಡಿಯಲು ಬಂದವರು. ಬೆಂಗಳೂರಿನಲ್ಲಿ ಸೌಂಡ್ ಎಂಜಿನಿಯರುಗಳು ಸೇರಿದಾಗಲೆಲ್ಲ ಮೈಕು ಎಲ್ಲಿಡಬೇಕು, ಎಷ್ಟು ದೂರ, ಯಾವ ಕೋನ ಎಂಬ ಚರ್ಚೆ ನಡೆಯುತ್ತಲೇ ಇರುತ್ತದೆ. ಸ್ಟುಡಿಯೋದ ಗೋಡೆಗಳ ನಡುವೆ ಅದು ಎಂದೂ ಮುಗಿಯುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಇಲ್ಲಿಗೇ ಬಂದೆವು.

ತುದಿಯಲ್ಲಿ ಇಳಿದ ಕೂಡಲೇ ಗಾಳಿ! ಸುತ್ತಲ ಗುಡ್ಡಸಾಲಿನಲ್ಲಿ ಗಾಳಿಯಂತ್ರಗಳನ್ನು ಯಾಕೆ ನೆಟ್ಟಿದ್ದಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಹೊದಿಕೆಯಿಲ್ಲದ ಕಾರ್ಡಿಯಾಯ್ಡ್ ಮೈಕು ಎತ್ತಿದರೆ ಹೆಡ್‌ಫೋನಿನಲ್ಲಿ ಬರೀ ಗುಡುಗು. ಕಿವಿಗೆ ಹಿತವಾದ ಗಾಳಿ ಮೈಕಿನ ಪೊರೆಯನ್ನು ಹೊಡೆದು ಹಾಕುತ್ತದೆ. ಒಂದೇ ದಿಕ್ಕಿಗೆ ಕಿವಿಗೊಡುವ ಇಂಥ ಮೈಕು ಪೊರೆಯ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಅಳೆಯುತ್ತದೆ, ಹಾಗಾಗಿ ಸುಳಿಗಾಳಿಗೆ ಬೇಗ ಬೆದರುತ್ತದೆ. ಸುತ್ತಲೂ ಸಮನಾಗಿ ಕೇಳುವ ಓಮ್ನಿ ಅಷ್ಟು ಅಲುಗುವುದಿಲ್ಲ. ಬುಟ್ಟಿಯಂಥ ಚೌಕಟ್ಟಿನೊಳಗೆ ಮೈಕನ್ನು ತೂಗುಹಾಕಿ ಮೇಲೆ ಉದ್ದ ಕೂದಲಿನ ಹೊದಿಕೆ ತೊಡಿಸಿದೆವು. ಕೂದಲು ಗಾಳಿಯ ವೇಗವನ್ನು ತನ್ನ ಮೈಮೇಲೇ ಒಡೆದು, ಒಳಗೆ ನಿಂತ ಗಾಳಿಯ ಪದರ ಉಳಿಸುತ್ತದೆ. ಆದರೂ ಗುಡ್ಡದ ಮರೆಗೆ ಇಳಿದಾಗಲೇ ಕಾಡು ನಿಜವಾಗಿ ಕೇಳತೊಡಗಿದ್ದು. ಮೈಕಿನ ಬೆಲೆಗಿಂತ ನಿಂತ ಜಾಗ ಮುಖ್ಯ ಎಂಬ ಮಾತಿಗೆ ಇಲ್ಲಿಗಿಂತ ಒಳ್ಳೆಯ ಸಾಕ್ಷಿಯಿಲ್ಲ.

ಮರೆಯಲ್ಲಿ ಎರಡು ಕಾರ್ಡಿಯಾಯ್ಡ್ ಮೈಕುಗಳನ್ನು ನೆಟ್ಟೆವು: ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಫ್ರಾನ್ಸಿನ ರೇಡಿಯೊ ಸಂಸ್ಥೆಯ ಹೆಸರಿನಲ್ಲಿ ಓಆರ್‌ಟಿಎಫ್ ಎಂದು ಕರೆಯುವ ಈ ಜೋಡಣೆಯಲ್ಲಿ ಅಂತರ ಹೆಚ್ಚುಕಡಿಮೆ ಮನುಷ್ಯನ ಕಿವಿಗಳದೇ. ಪಕ್ಕದಿಂದ ಬಂದ ಸದ್ದು ಒಂದು ಮೈಕಿಗಿಂತ ಇನ್ನೊಂದಕ್ಕೆ ಸುಮಾರು ಅರ್ಧ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಇಷ್ಟೇ ಇಷ್ಟು ತಡದಿಂದ ಮೆದುಳು ದಿಕ್ಕು ಕಟ್ಟುತ್ತದೆ! ಜತೆಗಿದ್ದ ಅರಣ್ಯ ರಕ್ಷಕರ ಕಿವಿಗೆ ಹೆಡ್‌ಫೋನ್ ಇಟ್ಟು ಕಣ್ಣು ಮುಚ್ಚಿಕೊಳ್ಳಿ ಎಂದೆವು. ನವಿಲು ಕೂಗಿತು. ಅವರು ತಡಮಾಡದೆ ಕೈ ಚಾಚಿ ಎಡಗಡೆಯ ಬಂಡೆ ತೋರಿಸಿದರು. ಕಣ್ಣು ತೆರೆದರೆ ಹಕ್ಕಿ ಅಲ್ಲೇ ಇತ್ತು.

ಒಂಟಿ ಹಕ್ಕಿಗೆ ಬೇಕಾದ್ದು ಪ್ಯಾರಾಬೋಲಾ ತಟ್ಟೆ. ನಮ್ಮದರ ಅಗಲ 55 ಸೆಂಟಿಮೀಟರ್. ದೂರದ ಪೊದೆಯ ಪಿಕಳಾರವನ್ನು ಅದು ಕಿವಿಯ ಬಳಿಗೇ ತಂದು ನಿಲ್ಲಿಸಿತು. ಆದರೆ ತಟ್ಟೆ ಒಟ್ಟುಗೂಡಿಸುವುದು ತನ್ನ ಅಗಲಕ್ಕಿಂತ ಚಿಕ್ಕ ಅಲೆಗಳನ್ನು ಮಾತ್ರ. ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಕ್ಕಿದನಿ ಹಿಡಿಯುವ ಚರಿತ್ರೆಗೆ ನಮ್ಮ ದೇಶದ ನಂಟೂ ಇದೆ: ತಿಳಿದಿರುವ ಅತಿ ಹಳೆಯ ಹಕ್ಕಿ ಮುದ್ರಣ 1889ರದು, ಜರ್ಮನಿಯ ಬಾಲಕ ಲುಡ್ವಿಗ್ ಕಾಖ್ ಎಡಿಸನ್ ಯಂತ್ರದಲ್ಲಿ ಹಿಡಿದದ್ದು. ಹಾಡಿದ್ದು ಪಂಜರದಲ್ಲಿದ್ದ ಭಾರತದ ಶಾಮ.

ಮುದ್ರಿಸಿಕೊಂಡ ದನಿಯನ್ನು ಮತ್ತೆ ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಚಾಳಿ ಕೆಲವರಲ್ಲಿದೆ. ನಾವು ಅದನ್ನು ಮಾಡಲಿಲ್ಲ, ಮಾಡಲೂಬಾರದು. ಎದುರಾಳಿ ಬಂದನೆಂದು ಹಕ್ಕಿ ಗೂಡು ಬಿಟ್ಟು ಕಾದಾಟಕ್ಕೆ ಬರುತ್ತದೆ.

ನನ್ನನ್ನು ಬೆರಗಾಗಿಸಿದ್ದು ಮೈಕಿನ ಚಿಕ್ಕದೊಂದು ಸ್ವಿಚ್ಚು. ಗಾಳಿಯ ಗದ್ದಲ ಹೆಚ್ಚಾಗಿ ಕೆಳಸ್ವರದಲ್ಲೇ ಇರುವುದರಿಂದ ಲೋ-ಕಟ್ ಒತ್ತಿ ಅದನ್ನು ಕತ್ತರಿಸುವುದು ರೂಢಿ. ಬಂಡೆಯ ಮೇಲಿನ ನವಿಲು ಅಷ್ಟರಲ್ಲಿ ಗರಿ ಬಿಚ್ಚಿ ಅದುರಿಸುತ್ತಿತ್ತು, ಒಣಗಿದ ಎಲೆಗಳ ಸರಸರದಂಥ ಸದ್ದು. ಗಂಡುನವಿಲು ಗರಿ ಅದುರಿಸಿದಾಗ 20 ಹರ್ಟ್ಸ್‌ಗೂ ಕೆಳಗಿನ, ನಮ್ಮ ಕಿವಿಗೆ ನಿಲುಕದ ದನಿಯೂ ಹೊಮ್ಮುತ್ತದೆ, ನವಿಲುಗಳು ಅದಕ್ಕೆ ಸ್ಪಂದಿಸುತ್ತವೆ ಎಂದು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಗಾಳಿಯೆಂದು ನಾವು ಕಿತ್ತೊಗೆಯುವ ಪಟ್ಟಿಯಲ್ಲೇ ಅದರ ಮಾತು! ಸ್ವಿಚ್ಚು ಬಿಟ್ಟು ಇನ್ನೊಂದು ಟೇಕ್ ತೆಗೆದೆವು. ಗಾಳಿಯೂ ಬಂತು, ಬರಲಿ. ಅದೂ ಜೋಗಿಮಟ್ಟಿಯದೇ ದನಿ.