ಎರಡು ಬೆರಳಿನಷ್ಟು ದೂರ

ಗೋಡೆ ಮುಟ್ಟಿ ತಲೆ ಎತ್ತಿದಾಗ ಪಕ್ಕದ ಲೇನಿನವನು ಇನ್ನೂ ಬರ್ತಾ ಇದ್ದ. ಖುಷಿಯಾಯ್ತು. ಕೈ ಮುರಿದುಕೊಂಡು ಹದಿನಾಲ್ಕು ತಿಂಗಳಾದ ಮೇಲೆ ಅದು ನನ್ನ ಮೊದಲ ಸ್ಪರ್ಧೆ. 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್, ಮಾಸ್ಟರ್ಸ್ ವಿಭಾಗ. ಮಾಸ್ಟರ್ಸ್ ಅಂದರೆ ದೊಡ್ಡ ಪಂಡಿತರು ಅಂದ್ಕೋಬೇಡಿ. 25 ವರ್ಷ ದಾಟಿದವರನ್ನು ಐದೈದು ವರ್ಷದ ಗುಂಪು ಮಾಡಿ ಈಜಿಸ್ತಾರೆ, ಅಷ್ಟೇ. ನನ್ನದು 35ರಿಂದ 39ರ ಗುಂಪು. ಕೊನೆಯವನಂತೂ ಆಗಲಿಲ್ಲವಲ್ಲ ಅಂತ ಬೀಗುತ್ತಾ ಫಲಿತಾಂಶದ ಹಾಳೆ ನೋಡಿದರೆ ನನ್ನ ಹೆಸರಿನ ಮುಂದೆ ಸಮಯವೇ ಇಲ್ಲ. ‘ಡಿಕ್ಯೂ’ ಅಂತಿದೆ. ಅನರ್ಹ.

ತೀರ್ಪುಗಾರರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರು ಎರಡೂ ಕೈ ಚಾಚಿ ತೋರಿಸಿದರು. “ಬಲಗೈ ಮೊದಲು ಮುಟ್ಟಿತು ಸರ್, ಎಡಗೈ ಆಮೇಲೆ ಬಂತು.”

ಅವರು ಹೇಳಿದ್ದು ಸರಿ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈನಲ್ಲಿ ಎರಡೂ ಕೈ ಒಟ್ಟಿಗೇ ಗೋಡೆ ಮುಟ್ಟಬೇಕು. ನಿಯಮ ನನಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ.

ನಾನು ಈಜು ಕಲಿತ ಜಾಗದಲ್ಲಿ ಗೋಡೆಯೇ ಇರಲಿಲ್ಲ. ನಮ್ಮೂರು ಹಲವಾಗಲು, ತುಂಗಭದ್ರೆಯ ದಂಡೆ. ನಾನು ಹುಟ್ಟಿದಾಗ ನಮ್ಮ ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಊರು ಕೂತಲ್ಲೇ ಕೂತಿದೆ, ಹೊಳೆಯೂ ಅಲ್ಲೇ ಇದೆ. ದೊಡ್ಡಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ನೂಕಿದ್ದು ಆರನೇ ವಯಸ್ಸಿನಲ್ಲಿ. ನಾವು ಕಪ್ಪೆ ಈಜು ಅಂತಿದ್ದದ್ದಕ್ಕೆ ಬ್ರೆಸ್ಟ್‌ಸ್ಟ್ರೋಕ್ ಅನ್ನೋ ಹೆಸರಿದೆ ಅಂತ ಗೊತ್ತಾಗಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಬೆನ್ನುನೋವಿಗೆ ಡಾಕ್ಟರ್ ಈಜಲು ಹೇಳಿ, ಕ್ಲೋರಿನ್ ವಾಸನೆಯ ಕೊಳಕ್ಕೆ ದುಡ್ಡು ಕಟ್ಟಿದ ಮೇಲೆ. ಅಲ್ಲಿನ ಕೋಚ್ ನನ್ನ ಕಾಲಿನ ಹೊಡೆತ ನೋಡಿ, “ನೀವು ಸ್ಪರ್ಧೆಗೆ ಬನ್ನಿ” ಅಂದರು. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್ ಹೊತ್ತಿಗಷ್ಟೇ ಯಾರಾದರೂ ಹೊಗಳುವುದು. ಇಲ್ಲಿ ಪುಕ್ಕಟೆ ಸಿಕ್ಕಿತ್ತು. ಹೋದೆ. ನಾಲ್ಕು ವರ್ಷದಲ್ಲಿ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ 41 ಸೆಕೆಂಡಿಗೆ ಇಳಿಯಿತು.

ಆಮೇಲೆ ಒಂದು ಮಳೆಗಾಲದ ರಾತ್ರಿ ಸ್ಕೂಟರ್ ಜಾರಿತು. ಬೀಳುವಾಗ ಎಲ್ಲರೂ ಮಾಡುವಂತೆ ಕೈ ಊರಿದೆ. ಎಡ ಮೊಣಕೈ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಕೈ ಮಡಚಿದಲ್ಲೇ ನಿಂತಿತ್ತು. ಮೊಣಕೈಯ ಗುಣವೇ ಹಾಗಂತೆ, ಕಟ್ಟಿಟ್ಟರೆ ಬೇಗ ಬಿಗಿಯುತ್ತದೆ. ಅವ್ವ ಊರಿಂದ ಎಣ್ಣೆ ಬಾಟ್ಲಿ ಹಿಡ್ಕೊಂಡೇ ಬಂದಳು. “ಜೋರಾಗಿ ತಿಕ್ಕಿ ಎಳದ್ರ ನೆಟ್ಟಗಾಕ್ಕತಿ.” ಫಿಸಿಯೋಥೆರಪಿಸ್ಟ್ ಬಿಲ್‌ಕುಲ್ ಒಪ್ಪಲಿಲ್ಲ. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ತಿಕ್ಕಿ ಎಳೆದರೆ ಮಾಂಸಖಂಡದಲ್ಲೇ ಎಲುಬು ಬೆಳೆಯಬಹುದು, ಇರುವ ಚಲನೆಯೂ ಹೋಗುತ್ತೆ ಅಂದರು. ಎಣ್ಣೆ ಬಾಟ್ಲಿ ಅಡುಗೆಮನೆ ಸೇರಿತು. ಅವ್ವ ಎರಡು ದಿನ ಮಾತು ಬಿಟ್ಟಳು.

ತಿಂಗಳುಗಟ್ಟಲೆ ಕಸರತ್ತು ಮಾಡಿದ ಮೇಲೂ 30 ಡಿಗ್ರಿ ಉಳಿದೇಬಿಟ್ಟಿತು. ಡಾಕ್ಟರ್ ಸಮಾಧಾನ ಹೇಳಿದರು. ದಿನನಿತ್ಯದ ಬಹುಪಾಲು ಕೆಲಸಕ್ಕೆ ಮೊಣಕೈ 30ರಿಂದ 130 ಡಿಗ್ರಿವರೆಗೆ ಆಡಿದರೆ ಸಾಕಂತೆ. ಊಟ ಮಾಡಬಹುದು, ಕೋಡ್ ಬರೀಬಹುದು, ಬಾಗಿಲು ತೆಗೀಬಹುದು. ಅಂದರೆ ಲೆಕ್ಕದ ಪ್ರಕಾರ ನಾನು ಸರಿಯಾಗಿದ್ದೆ. ಕೈ ಮುಂದೆ ಚಾಚಿ ಅಳೆದರೆ ಎಡಗೈ ಬಲಗೈಗಿಂತ ಎರಡು ಬೆರಳಿನಷ್ಟು ಹಿಂದೆ. ನನ್ನನ್ನು ಅನರ್ಹ ಮಾಡಿದ್ದು ಆ ಎರಡು ಬೆರಳು.

ಆ ರಾತ್ರಿ ನಿದ್ದೆ ಬಾರದೆ ಪ್ಯಾರಾ ಈಜಿನ ನಿಯಮ ಓದುತ್ತಾ ಕೂತೆ. ಅಲ್ಲಿ ಕೈಗಳ ಉದ್ದ ಬೇರೆ ಬೇರೆ ಇದ್ದರೆ, ಎರಡನ್ನೂ ಒಟ್ಟಿಗೆ ಮುಂದೆ ಚಾಚಬೇಕು, ಆದರೆ ಉದ್ದದ ಕೈ ಮುಟ್ಟಿದರೆ ಸಾಕು. ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಮರುಕ್ಷಣ ನಾಚಿಕೆ. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ ಹುಟ್ಟಿನಿಂದಲೇ ಎಡಗೈ ಪೂರ್ತಿ ಬೆಳೆಯದವರು. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್ ಒಂದರಲ್ಲೇ ಆರು ಪದಕ ತಂದರು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಟಿ. ಉಷಾ ಗೆದ್ದದ್ದು ಐದು. ಅಂಥವರಿಗಾಗಿ ಮಾಡಿದ ನಿಯಮದಡಿ ನಾನು ಜಾಗ ಹುಡುಕುತ್ತಿದ್ದೆ. ನನ್ನ ಕೊರತೆ ಅಲ್ಲಿಗೆ ಸಾಲದು, ಇಲ್ಲಿಗೆ ಹೆಚ್ಚು. ಪೂರ್ತಿ ಗುಣವಾಗದ ಎಷ್ಟೋ ಜನ ಇಂಥ ನಡುವಿನ ಜಾಗದಲ್ಲೇ ಇರ್ತಾರೆ ಅಂತ ಆಗ ಹೊಳೆಯಿತು.

ದೀಪಾವಳಿಗೆ ಊರಿಗೆ ಹೋದವನು ಬೆಳಿಗ್ಗೆ ಯಾರಿಗೂ ಹೇಳದೆ ಹೊಳೆಗಿಳಿದೆ. ನೀರು ಇಳಿದಿತ್ತು, ಸೆಳೆತ ಇಳಿದಿರಲಿಲ್ಲ. ಎಡಗೈಯನ್ನು ಬಲಗೈಯಷ್ಟೇ ಚಾಚಿಯೇ ತೀರುತ್ತೇನೆ ಅಂತ ಹಟಕ್ಕೆ ಬಿದ್ದು ಎಳೆದೆ, ಎಳೆದೆ. ನಡುಹೊಳೆಯಲ್ಲಿ ಭುಜದಿಂದ ಮೊಣಕೈವರೆಗೆ ನರ ಹಿಡಿದುಕೊಂಡಿತು. ಕೈ ನನ್ನದಲ್ಲ ಅನ್ನಿಸಿತು. ಎರಡು ಗುಟುಕು ನೀರು ಕುಡಿದೆ. ಹದಿನೈದು ವರ್ಷದಲ್ಲಿ ಮೊದಲ ಸಲ ಆ ನೀರಿಗೆ ಹೆದರಿದೆ. ಬೆನ್ನ ಮೇಲೆ ಮಲಗಿ, ಕಾಲು ಬಡಿಯುತ್ತಾ, ಹೊಳೆ ಒಯ್ದ ಕಡೆ ಹೋಗಿ ದೂರದಲ್ಲೆಲ್ಲೋ ದಂಡೆ ಹತ್ತಿದೆ.

ಏದುಸಿರು ಬಿಡುತ್ತಾ ಕೂತಿದ್ದಾಗ ದೊಡ್ಡಪ್ಪ ದಂಡೆಗುಂಟ ಓಡಿ ಬಂದರು. ಹೊಲಕ್ಕೆ ಹೊರಟವರು ಎಲ್ಲಾ ನೋಡಿದ್ದರು. ಬೈಯುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಕೂತು ಸುಧಾರಿಸಿಕೊಂಡು ಕೇಳಿದರು, “ಆ ಕೈಗ್ಯಾಕ ಹಂಗ ಜುಲುಮಿ ಮಾಡ್ತೀಯಲೇ?”

ಎರಡೂ ಸಮ ಆಗಬೇಕು ಅಂದೆ. ಗೋಡೆಯ ಕಥೆ ಹೇಳಿದೆ.

“ಜೋಡೆತ್ತಿನಾಗ ಒಂದು ಕುಂಟಿದ್ರ, ಕುಂಟೋದಕ್ಕ ಬಾರಕೋಲು ಬಿಗೀತಾರೇನು? ಚುರುಕಿರೋದ್ರ ಹಗ್ಗ ಜಗ್ಗಿ ಹಿಡೀತಾರ.”

ದೊಡ್ಡಪ್ಪ ಈಜುಕೊಳ ಕಂಡವರಲ್ಲ. ಆದರೆ ಹದಿನಾಲ್ಕು ತಿಂಗಳು ನಾನು ಎಡಗೈ ಒಂದರ ಬಗ್ಗೆಯೇ ಯೋಚಿಸಿದ್ದೆ. ಬಲಗೈಗೆ ಏನಾದರೂ ಕಲಿಸಬೇಕು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಬೆಂಗಳೂರಿಗೆ ಬಂದು ಕೋಚ್ ಜೊತೆ ಅದನ್ನೇ ಶುರು ಮಾಡಿದೆ. ಬಲ ಮೊಣಕೈಯನ್ನೂ ಎಡಗೈಯಷ್ಟೇ ಮಡಚಿ ಚಾಚುವುದು, ಗೋಡೆ ಹತ್ತಿರ ಬಂದಾಗ ಬಲಗೈಯನ್ನು ತಡೆಯುವುದು. ಇಪ್ಪತ್ತು ವರ್ಷದ ಅಭ್ಯಾಸ ಸುಲಭಕ್ಕೆ ಬಿಡಲ್ಲ. ಅವಸರದಲ್ಲಿ ಬಲಗೈ ಮುಂದೆ ನುಗ್ಗೇ ನುಗ್ಗುತ್ತೆ. ಪ್ರತಿದಿನ ಬೆಳಿಗ್ಗೆ ಗೋಡೆಯಿಂದ ಐದು ಮೀಟರ್ ದೂರ ನಿಂತು, ಬರೀ ಮುಟ್ಟುವುದನ್ನೇ ಐವತ್ತು ಸಲ ಮಾಡಿದೆ. ಪಕ್ಕದ ಲೇನಿನ ಮಕ್ಕಳು ಅಂಕಲ್‌ಗೆ ಏನಾಗಿದೆ ಅಂತ ನೋಡುತ್ತಿದ್ದರು.

ಮುಂದಿನ ಸ್ಪರ್ಧೆಯಲ್ಲಿ ಎಂಟು ಜನರಲ್ಲಿ ಆರನೆಯವನಾದೆ. 47 ಸೆಕೆಂಡು. ಹಳೆಯ ನನಗಿಂತ ಆರು ಸೆಕೆಂಡು ನಿಧಾನ. ಆ 41 ಇನ್ನು ವಾಪಸ್ ಬರಲ್ಲ, ಬರಲಿಲ್ಲ ಅನ್ನೋ ಸಂಕಟ ಈಗಲೂ ಒಮ್ಮೊಮ್ಮೆ ಆಗುತ್ತೆ. ಆದರೆ ಹಾಳೆಯಲ್ಲಿ ಹೆಸರಿನ ಮುಂದೆ ಸಮಯ ಇತ್ತು.

ಅವ್ವನಿಗೆ ಫೋನ್ ಮಾಡಿ ಹೇಳಿದೆ.

“ಆರನೇದಾ?” ಅಂದಳು. “ಇರ್ಲಿ ಬಿಡು. ಕೈ ನೋವಾಗ್ಲಿಲ್ಲಲ್ಲ?”

“ಇಲ್ಲವ್ವ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, “ಅದಿರ್ಲಿ, ದೀಪಾವಳಿಗೆ ಹೊಳಿಯಾಗ ತೇಲಿಕೊಂಡು ಹೋಗಿದ್ದು ನನಗ ಯಾವಾಗ ಹೇಳೋನಿದ್ದಿ?”